ಮೀನಿನ ಹೊಟ್ಟೆಗೆಂದು ತಂದ ಜೇಡಿಪುಡಿ

ಇನ್ನು ಮುಂದೆ ಅಂಗಡಿಯ ಮೇವು ತನ್ನ ಕೊಳದ ನೀರನ್ನು ಸೋಕಕೂಡದು ಎಂದು ಎಸೆರೋಮ ಘೋಷಿಸಿಬಿಟ್ಟ! ನವುವಾ ನದಿಯ ದಂಡೆಯಲ್ಲಿ ಅವನು ಸಾಕಿದ್ದ ತಿಲಾಪಿಯಾ ಮೀನುಗಳಿಗೆ ಇನ್ನು ಕೊಬ್ಬರಿ ಹಿಂಡಿ, ಅಕ್ಕಿ ತೌಡು, ಜೊತೆಗೆ ಯಜಮಾನರ ಕೈರುಚಿ.

"ಶನಿವಾರ ನಿನ್ನ ಅಣ್ಣತಮ್ಮಂದಿರು ಎಂಟೂ ಜನ ಬರಲಿ. ತಲೆಗೊಂದು ಇಡೀ ಮೀನು! ಮದುವೇಲಿ ಡಬ್ಬಿ ಮೀನು ಬಡಿಸಿದೆ ಅಂತ ನಿಮ್ಮಣ್ಣ ಹದಿನಾರು ವರ್ಷದಿಂದ ನನ್ನನ್ನ 'ಡಬ್ಬಿ ಭಾವ' ಅಂತಿದಾನಲ್ಲ, ಅದು ಅವತ್ತಿಗೆ ಮುಗೀತು!"

ಹೆಂಡತಿ ಮಕೆರೆತಾ ಹಿಂಡಿಯ ಚೀಲಕ್ಕೆ ಮೂಗು ಹಿಡಿದಳು. "ರೀ, ಹಸಿರು ಬೂಷ್ಟು ಬಂದಿದೆ."

"ಅದು ಸತ್ವ ಕಣೇ!"

ಸತ್ವ ತನ್ನ ಪ್ರತಾಪ ತೋರಿಸಿತು. ಮೀನುಗಳು ಮೇವು ಬಿಟ್ಟವು, ಕಪ್ಪಿಟ್ಟವು, ದಿನಕ್ಕೆ ಹತ್ತರಂತೆ ಹೊಟ್ಟೆ ಮೇಲಾಗಿ ತೇಲತೊಡಗಿದವು. ಬೆರಳುದ್ದದ ಮರಿಗಳಿಂದ ಸಾಕಿದ ಮೀನು! ಎಸೆರೋಮ ತಲೆಯ ಮೇಲೆ ಕೈಹೊತ್ತು ದಂಡೆಯಲ್ಲೇ ಕೂತ.

ಗುರುವಾರ ಮೀನುಗಾರಿಕೆ ಇಲಾಖೆಯ ಉನೈಸಿ ಬಂದು, ಸತ್ತ ಮೀನೊಂದನ್ನು ಕೊಯ್ದು ತೋರಿಸಿದಳು.

"ಲಿವರ್ ಹೇಗೆ ಬಿಳಿಚಿಕೊಂಡಿದೆ ನೋಡಿ. ಬೂಷ್ಟಿನ ವಿಷ. ಈ ಮೇವನ್ನ ಇವತ್ತೇ ಹೂತುಬಿಡಿ. ಹೊಸ ಮೇವಿಗೆ ಈ ಜೇಡಿಮಣ್ಣಿನ ಪುಡಿ ಸ್ವಲ್ಪ ಕಲಸಿ ಹಾಕಿ. ಹೊಟ್ಟೇಲಿರೋ ವಿಷನ ಹಿಡ್ಕೊಂಡು ಹೊರಗೆ ತರುತ್ತೆ."

"ಪುಡಿ ಇದ್ದ ಮೇಲೆ ಹಳೇ ಮೇವೂ ನಡೆಯುತ್ತಲ್ಲಮ್ಮ?"

"ಖಂಡಿತಾ ನಡೆಯಲ್ಲ!"

ಆದರೆ ಮೂರು ಚೀಲ ಮೇವನ್ನು ಮಣ್ಣುಪಾಲು ಮಾಡಲು ಅವನ ಕರುಳು ಒಪ್ಪಬೇಕಲ್ಲ! ಮೇವು ಇದ್ದಲ್ಲೇ ಇತ್ತು. ಪುಡಿಯ ಪೊಟ್ಟಣವನ್ನು ಮಾತ್ರ, ಥಂಡಿ ತಾಗಬಾರದೆಂದು ಅಡುಗೆಮನೆಯ ಮೊಳೆಗೆ ನೇತುಹಾಕಿದ. ಬೀಗರ ಉಪಚಾರಕ್ಕೆಂದು ಮಕೆರೆತಾ, ನೀರಿಗೆ ಕಲಸಿ ಕುಡಿದರೆ ನಾಲಿಗೆ ಜುಮ್ಮೆನಿಸಿ ಮಂಪರು ತರುವ ಯಂಗೋನ ಬೇರಿನ ಪುಡಿಯನ್ನು ನೇತುಹಾಕಿದ್ದದ್ದೂ ಅದೇ ಮೊಳೆಗೆ. ಎರಡೂ ಬೂದುಬಣ್ಣ, ಎರಡೂ ಪ್ಲಾಸ್ಟಿಕ್ ಪೊಟ್ಟಣ.

ಶನಿವಾರ ಬೆಳಗ್ಗೆ ಅವಸರದಲ್ಲಿ ಕೈಗೆ ಸಿಕ್ಕ ಪೊಟ್ಟಣವನ್ನು ಕಿತ್ತು, ಇಡೀ ಪುಡಿಯನ್ನು ಬೂಷ್ಟು ಮೇವಿಗೆ ಧಾರಾಳವಾಗಿ ಕಲಸಿ ಕೊಳಕ್ಕೆ ಸುರಿದ. ಮನೆಗೆ ಬರುವಷ್ಟರಲ್ಲಿ ಭಾವಂದಿರು ಚಾಪೆಯ ಮೇಲೆ ಸುತ್ತುಗಟ್ಟಿ ಕೂತಿದ್ದರು. ಮಕೆರೆತಾ ಉಳಿದ ಪೊಟ್ಟಣವನ್ನು ಮರದ ಬೋಗುಣಿಯಲ್ಲಿ ಕಲಸಿ ಮುಗಿಸಿದ್ದಳು.

'ಡಬ್ಬಿ ಭಾವ' ಎಂದು ಹೆಸರಿಟ್ಟ ಹಿರಿಯಣ್ಣ ಸೊಲೊಮೊನೆ ವಾಡಿಕೆಯಂತೆ ಚಪ್ಪಾಳೆ ತಟ್ಟಿ ತೆಂಗಿನ ಚಿಪ್ಪು ಹಿಡಿದು, ಒಂದೇ ಗುಟುಕಿಗೆ ಇಳಿಸಿದ. ಮುಖ ಹುಳ್ಳಗಾಯಿತು. ಆದರೆ ಕೊಟ್ಟ ಚಿಪ್ಪನ್ನು ಅರ್ಧಕ್ಕೆ ಬಿಡುವುದುಂಟೆ! ಎಲ್ಲರೂ ಗಂಭೀರವಾಗಿ ಮೂರು ಚಪ್ಪಾಳೆ ತಟ್ಟಿದರು. ಹೀಗೆ ಎಂಟೂ ಜನ ಕುಡಿದ ಮೇಲೆ ಚಿಪ್ಪು ಎಸೆರೋಮನ ಕೈಗೆ ಬಂತು.

ಕುಡಿದ. ಮಣ್ಣಿನ ರುಚಿ. ಅದು ಸರಿ, ಯಂಗೋನದ ರುಚಿಯೂ ಮಣ್ಣಿನದೇ. ಆದರೆ ನಾಲಿಗೆ ಜುಮ್ಮೆನ್ನಲಿಲ್ಲವಲ್ಲ!

ಹಾಗಾದರೆ ಯಂಗೋನ ಹೋದದ್ದು ಕೊಳಕ್ಕೆ! ಬಿದ್ದೆನೋ ಎದ್ದೆನೋ ಎಂದು ಕೊಳಕ್ಕೆ ಓಡಿದ. ಉಳಿದಿದ್ದ ಅಷ್ಟೂ ಮೀನುಗಳು ಮಗ್ಗುಲಾಗಿ ಮಲಗಿದ್ದವು. ಕೋಲಿನಿಂದ ತಿವಿದರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದರ ಕಿವಿರೂ ಆಡಲಿಲ್ಲ. ಎಸೆರೋಮ ಮೊಣಕಾಲುದ್ದ ನೀರಿನಲ್ಲಿ ನಿಂತು ಮಗುವಿನಂತೆ ಅತ್ತ. ವಿಷದ ಮೀನನ್ನು ಬೀಗರಿಗೆ ಬಡಿಸುವ ಹಾಗೂ ಇಲ್ಲ.

ಮಕೆರೆತಾ ಚೀಲ ಹಿಡಿದು ಅಂಗಡಿಗೆ ಹೋಗಿಬಂದಳು. ಊಟದ ನಡುವೆ ಉನೈಸಿ ವಿಚಾರಿಸಲು ಬಂದಳು.

"ಹಳೇ ಮೇವು ಹೂತ್ರಾ?"

ಎಸೆರೋಮ ತನ್ನ ಕಾಲ್ಬೆರಳುಗಳನ್ನು ಎಣಿಸುತ್ತ ನಿಂತ.

"ಹೋಗ್ಲಿ, ಪುಡಿಯಾದ್ರೂ ಕೊಟ್ರಾ? ಗುಣ ಕಾಣಿಸ್ತಾ?"

"ಕೊಟ್ವಮ್ಮ," ಎಂದಳು ಮಕೆರೆತಾ, ಅಣ್ಣತಮ್ಮಂದಿರ ಸಾಲನ್ನು ನೋಡುತ್ತ. "ಎಂಟೂ ಜನ ಗುಂಡುಕಲ್ಲಿನ ಹಾಗಿದಾರೆ. ಮೀನುಗಳೇ ಹೋದ್ವು."

ಸೊಲೊಮೊನೆ ಹೊಟ್ಟೆ ಸವರಿಕೊಂಡು ತಟ್ಟೆ ಮುಂದೆ ಚಾಚಿದ. "ಹೊಟ್ಟೆ ಎಷ್ಟು ಹಗುರವಾಗಿದೆ ಅಂತೀಯಾ! ಡಬ್ಬಿ ಭಾವ, ಇನ್ನೊಂದು ಡಬ್ಬಿ ತೆಗಿ!"