ಎಡಗಿವಿಗೊಂದು, ಬಲಗಿವಿಗೊಂದು

ನಿದ್ದೆ ಬರುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಆಮೇಲೆ ನಿಮ್ಮ ಬದುಕಿನಲ್ಲಿ ನಗೆಪಾಟಲಿಗೆ ಬರವಿರುವುದಿಲ್ಲ. ಜ್ವರ ಎಂದರೆ ಜನ ಡಾಕ್ಟರ ಹೆಸರು ಹೇಳಿ ಸುಮ್ಮನಾಗುತ್ತಾರೆ. ನಿದ್ದೆ ಎಂದರೆ ಮಾತ್ರ ಪ್ರತಿಯೊಬ್ಬರೂ ತಾವೇ ಡಾಕ್ಟರಾಗುತ್ತಾರೆ. ಈಚೆಗೆ ಎಲ್ಲರ ಔಷಧವೂ ಒಂದೇ, ಶಬ್ದ. ಲಯಬದ್ಧವಾದ ಶಬ್ದ ಕೇಳಿಸಿದರೆ ಮೆದುಳಿನ ಅಲೆಗಳು ಅದರ ಹಿಂದೆಯೇ ಹೆಜ್ಜೆ ಹಾಕಿಕೊಂಡು ಹೋಗುತ್ತವಂತೆ. ನಿಧಾನ ಲಯಕ್ಕೆ ನಿದ್ದೆ, ಚುರುಕು ಲಯಕ್ಕೆ ಏಕಾಗ್ರತೆ. ನನ್ನ ಮೆದುಳು ಯಾರ ಹಿಂದೆಯೂ ಹೋಗುವ ಪೈಕಿ ಅಲ್ಲ.

ನನ್ನ ಪರಿಸ್ಥಿತಿ ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿನವಳು. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕ್ ನೌಕರಿ, ಕಾಕ್ಕನಾಡಿನ ಫ್ಲಾಟಿನಲ್ಲಿ ಕಾಲೇಜಿಗೆ ಹೋಗುವ ಮಗಳ ಜೊತೆ ವಾಸ. ಧಾರವಾಡದವರಾದ ನನ್ನ ಗಂಡ ತಿರುವನಂತಪುರದ ತುಂಬದಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದಾರೆ. ಊರಿನಲ್ಲಿ ಯಾರಿಗಾದರೂ "ಅವರು ತುಂಬದಲ್ಲಿದ್ದಾರೆ" ಎಂದರೆ "ತುಂಬಾ ಏನು?" ಎಂದು ಕೇಳುತ್ತಾರೆ. ತುಂಬಾ ದೂರ ಎಂದು ಹೇಳಿ ಮುಗಿಸುತ್ತೇನೆ. ಮೂರು ವರ್ಷದಿಂದ ನಮ್ಮ ಸಂಸಾರ ಶನಿವಾರ ರೈಲು ಹತ್ತಿ ಭಾನುವಾರ ವಾಪಸ್ ಹೋಗುತ್ತದೆ. ಅವರು ಪಕ್ಕದಲ್ಲಿಲ್ಲದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಹೇಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ನಾಚಿ ಪ್ರಯೋಜನವಿಲ್ಲ.

ನಮ್ಮ ಬ್ಯಾಂಕಿನಲ್ಲಿ ವರ್ಗಾವಣೆ ಕೊಡುವ ದೊಡ್ಡ ಅಧಿಕಾರಿ ಕೂರುವುದು ತಿರುವನಂತಪುರದಲ್ಲಿ. ಮೊದಲ ಸಲ ಅವರನ್ನು ಕಾಣಲು ಹೋದಾಗ ಹೊರಗಿನ ಮೆತ್ತನೆ ಕುರ್ಚಿಯಲ್ಲಿ ಕೂರಿಸಿದರು. ತಲೆಯ ಮೇಲೆ ಫ್ಯಾನು ಗಿರ್ ಗಿರ್ ಎನ್ನುತ್ತಿತ್ತು. ಮನೆಯಲ್ಲಿ ಕಾಲು ಹಿಡಿದುಕೊಂಡರೂ ಬಾರದ ನಿದ್ದೆ ಅಲ್ಲಿ ಬಂತು. ಕಣ್ಣುಬಿಟ್ಟಾಗ ಜವಾನ ಬಾಗಿಲು ಹಾಕುತ್ತಿದ್ದ. "ಸಾರ್ ಪೋಯಿ," ಅಂದ. ಸಾಹೇಬರು ಹೋದರು. ಎಬ್ಬಿಸಬಾರದಿತ್ತೇ ಎಂದರೆ, "ಪಾಪ, ಅಷ್ಟು ಚೆನ್ನಾಗಿ ಮಲಗಿದ್ದಿರಿ," ಎಂದ.

ಎರಡನೇ ಭೇಟಿಗೆ ಹೇಗೋ ದಿನ ಗೊತ್ತಾಯಿತು. ಅಷ್ಟರೊಳಗೆ ಸ್ವಲ್ಪ ನಿದ್ದೆ ಮಾಡಿ, ತಲೆ ತಿಳಿಯಾಗಿಟ್ಟುಕೊಂಡು, ಅವರ ಮುಂದೆ ಎಚ್ಚರವಾಗಿ ಕೂತು ಗಂಡನಿರುವ ಊರಿಗೆ ವರ್ಗ ಕೇಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಅತ್ತೆಯ ಪಾಲು

ಮೊದಲ ಔಷಧ ಮಗಳದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ನನ್ನ ಕೈಗೆ ಇಯರ್‌ಫೋನ್ ಕೊಟ್ಟು, "ಅಮ್ಮಾ, ರಂಡು ಚೆವಿಯಿಲುಂ ವೆಕ್ಕಣಂ," ಎಂದಳು. ಎರಡೂ ಕಿವಿಗೆ ಇಟ್ಟುಕೊಳ್ಳಬೇಕು. ಎಡಗಿವಿಯಲ್ಲಿ ಒಂದು ಸ್ವರ, ಬಲಗಿವಿಯಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಬೇರೆಯಾದ ಇನ್ನೊಂದು ಸ್ವರ. ಎರಡರ ನಡುವಿನ ವ್ಯತ್ಯಾಸವನ್ನು ಮೆದುಳು ತಾನೇ ಹುಡುಕಿ ಅದರ ಲಯಕ್ಕೆ ತೂಗಾಡಿ ಮಲಗುತ್ತದಂತೆ. ನನಗೆ ಆಗಲೇ ಅನುಮಾನ ಬಂತು. ಬ್ಯಾಂಕಿನವಳಿಗೆ ವ್ಯತ್ಯಾಸ ಕಂಡರೆ ಇದ್ದ ನಿದ್ದೆಯೂ ಹೋಗುತ್ತದೆ.

ಆದರೂ ಗಂಡ ಬಾರದ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಕಿಕೊಂಡು ಮಲಗಿದೆ. ಎರಡು ಸ್ವರಗಳೂ ಸೇರಿ ದೂರದ ನೀರಿನ ಮೇಲೆ ಯಾರೋ ದೋಣಿ ನಡೆಸಿದ ಹಾಗೆ ಏಳುತ್ತ ಬೀಳುತ್ತ ಇದ್ದವು. ರೆಪ್ಪೆ ಭಾರವಾಯಿತು. ಅಷ್ಟರಲ್ಲಿ ಧಾರವಾಡದಿಂದ ಬಂದಿದ್ದ ಅತ್ತೆ ಪಕ್ಕದಲ್ಲಿ ಕೂತರು. "ಒಬ್ಬಾಕಿನ ಏನ್ ಕೇಳಾಕತ್ತೀಯವಾ? ಒಂದು ಇತ್ತ ಕೊಡು," ಎಂದು ನನ್ನ ಬಲಗಿವಿಯದನ್ನು ಕಿತ್ತು ತಮ್ಮ ಕಿವಿಗೆ ಇಟ್ಟುಕೊಂಡರು. ಕೊಂಚ ಹೊತ್ತು ಕೇಳಿ, "ಇದು ನಿಮ್ಮ ಫ್ರಿಜ್ಜಿನ ಸಪ್ಪಳ ಅಲ್ಲೇನ?" ಎಂದರು. ಮರುಗಳಿಗೆ ಗೊರಕೆ ಶುರುವಾಯಿತು.

ಈಗ ನನ್ನ ಎಡಗಿವಿಯಲ್ಲಿ ಸ್ವರ, ಬಲಗಿವಿಯಲ್ಲಿ ಅತ್ತೆ. ಅವೆರಡರ ನಡುವಿನ ವ್ಯತ್ಯಾಸ ಹುಡುಕುತ್ತ ನನ್ನ ಮೆದುಳು ಕಾಫಿ ಹೊತ್ತಿನವರೆಗೂ ಕೆಲಸ ಮಾಡಿತು.

ಕೂಡಿ ಬಂದದ್ದು

ಎದುರು ಫ್ಲಾಟಿನ ಚೇಚ್ಚಿಗೆ, ಅಂದರೆ ಅಕ್ಕನಿಗೆ, ನನ್ನ ಮೇಲೆ ಬಹಳ ಪ್ರೀತಿ. ಅವರು ಒಂದು ಕಂಚಿನ ಬಟ್ಟಲು ತಂದರು. ಮರದ ಕೋಲಿನಿಂದ ಮೆಲ್ಲಗೆ ಬಡಿದರೆ ಅದು ತುಂಬ ಹೊತ್ತು ಗುಂಯ್‌ಗುಡುತ್ತ ಇರುತ್ತದೆ. ಕೇಳುತ್ತ ಕೂತರೆ ಮನಸ್ಸು ಒಂದೆಡೆ ನಿಲ್ಲುತ್ತದೆ ಎಂದು ಅವರ ನಂಬಿಕೆ. ಚೇಚ್ಚಿ ಬಂದಾಗ ನಾನು ಬ್ಯಾಂಕಿನಲ್ಲಿದ್ದೆ. ಬಟ್ಟಲು ತೆಗೆದುಕೊಂಡವರು ಅತ್ತೆ. ಅತ್ತೆಗೆ ಮಲಯಾಳದಲ್ಲಿ ಕನ್ನಡದ ಹಾಗೆ ಕೇಳಿಸುವ ಪದಗಳಷ್ಟೇ ಅರ್ಥವಾಗುತ್ತವೆ. ಅಪಾಯವಿರುವುದೂ ಅಲ್ಲೇ.

"ಇದು ಕೇಟ್ಟಾಲ್ ಶ್ರದ್ಧ ಕೂಡುಂ," ಎಂದರು ಚೇಚ್ಚಿ. ಇದನ್ನು ಕೇಳಿದರೆ ಗಮನ ಹೆಚ್ಚುತ್ತದೆ ಎಂದರ್ಥ. ಅತ್ತೆಯ ಕಿವಿಗೆ ಅದು, ಇದನ್ನು ಕೇಳಿದರೆ ಶ್ರಾದ್ಧ ಕೂಡಿ ಬರುತ್ತದೆ ಎಂದು ಬಿತ್ತು.

"ಯಾರದವಾ?" ಎಂದು ಅತ್ತೆ ಗಾಬರಿಯಿಂದ ಕೇಳಿದರಂತೆ.

ಚೇಚ್ಚಿ ನಗುತ್ತ ನನ್ನ ಮಗಳ ಕಡೆ ಕೈ ತೋರಿಸಿ, ನನ್ನ ಕೋಣೆಯ ಕಡೆ ತೋರಿಸಿ, ಕೊನೆಗೆ ಅತ್ತೆಯ ಕೆನ್ನೆ ಮುಟ್ಟಿ, "ಎಲ್ಲಾರ್ಕುಂ," ಎಂದರು. ಎಲ್ಲರಿಗೂ.

ನಾನು ಬಂದಾಗ ಬಟ್ಟಲು ಅಡುಗೆಮನೆ ಮೂಲೆಯಲ್ಲಿತ್ತು. ಸದ್ದು ಹೊರಡಬಾರದೆಂದು ಅತ್ತೆ ಅದರ ತುಂಬ ಅಕ್ಕಿ ಸುರಿದು, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ರುಬ್ಬುಗುಂಡು ಇಟ್ಟಿದ್ದರು. ಮರುದಿನ ಬಂದ ಚೇಚ್ಚಿ ಅದನ್ನು ನೋಡಿ ನಿಟ್ಟುಸಿರಿಟ್ಟು, "ಅಮ್ಮಕ್ಕ್ ಶ್ರದ್ಧ ಕುರವಾಣ್," ಎಂದರು. ಅಮ್ಮನಿಗೆ ಗಮನ ಕಡಿಮೆ. ಅತ್ತೆ ಮೊಮ್ಮಗಳ ಕಡೆ ತಿರುಗಿ ಏನಂದಳು ಎಂದು ಕೇಳಿದರು. ಮಗಳು ಮೊದಲ ಪದ ಬಿಟ್ಟು ಕೊನೆಯದಷ್ಟೇ ಕನ್ನಡ ಮಾಡಿ, "ಶ್ರದ್ಧ ಕಡಿಮೆ," ಎಂದಳು.

ಅತ್ತೆಯ ಮುಖ ಅರಳಿತು. "ನೋಡು, ಒಂದ ದಿನಕ್ಕ ಕಡಿಮೆ ಆತು. ಅಕ್ಕಿ ಅಲ್ಲೇ ಇರಲಿ."

ಸಮರ

ನಮ್ಮ ಶಾಖೆಯಲ್ಲಿ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಸಿಬ್ಬಂದಿಯ ಮನಶ್ಶಾಂತಿಗೆಂದು ಒಬ್ಬ ತರಬೇತಿದಾರರು ಬಂದರು. ಕೌಂಟರುಗಳ ಹಿಂದೆ ಎಲ್ಲರೂ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಅವರು ಹಚ್ಚಿದ ಮದ್ದಳೆಯ ಲಯ ಕೇಳಬೇಕು. ನಿಧಾನವಾದ ಪೆಟ್ಟು, ನಡುವೆ ಉದ್ದನೆಯ ಮೌನ. ಹೊರಗೆ ಜಂಕ್ಷನ್ನಿನ ಹಾರ್ನುಗಳೂ ದೂರ ಸರಿದು ಬೇರೆ ಯಾವುದೋ ಊರಿನವು ಅನ್ನಿಸತೊಡಗಿದವು. ಮ್ಯಾನೇಜರರ ತಲೆ ಎದೆಗೆ ಬಿತ್ತು. ಕ್ಯಾಷಿಯರ್ ಬಾಯಿ ತೆರೆದುಕೊಂಡಿತು. ಅರ್ಧ ಕಣ್ಣು ತೆರೆದು ಇದನ್ನೆಲ್ಲ ನೋಡುತ್ತಿದ್ದವಳು ನಾನೊಬ್ಬಳೇ. ನನಗೆ ಅಳು ಬರುವಷ್ಟು ಹೊಟ್ಟೆಕಿಚ್ಚಾಯಿತು.

ಆಗ ವಯಸ್ಸಾದ ಗ್ರಾಹಕರೊಬ್ಬರು ಬಾಗಿಲು ತಳ್ಳಿ ಒಳಗೆ ಬಂದರು. ಸಾಲಾಗಿ ಕಣ್ಣುಮುಚ್ಚಿ ಕೂತವರನ್ನು ನೋಡಿ ಛತ್ರಿ ಮಡಿಸಿ ನಿಂತರು. ಎಚ್ಚರವಿದ್ದ ನನ್ನ ಬಳಿ ಬಗ್ಗಿ, "ಪುದಿಯ ಸಮರಮಾಣೋ?" ಎಂದು ಪಿಸುಗುಟ್ಟಿದರು. ಹೊಸ ನಮೂನೆ ಮುಷ್ಕರವೇ ಎಂದು ಅವರು ಕೇಳಿದ್ದು. ಸಮರ ಎಂದರೆ ನಮಗೆ ಯುದ್ಧ. ಒಳಗೊಳಗೇ ನಿದ್ದೆಯೊಂದಿಗೆ ಗುದ್ದಾಡುತ್ತಿದ್ದ ನಾನು ಹೌದೆಂದು ತಲೆಯಾಡಿಸಿದೆ.

ಅವರು ಗೌರವದಿಂದ ಹಿಂದೆ ಸರಿದು, ಹೊರಗೆ ಕಾಯುತ್ತಿದ್ದವರಿಗೆಲ್ಲ ವಿಷಯ ತಿಳಿಸಿ, ಬಾಗಿಲು ಮುಂದಕ್ಕೆಳೆದುಕೊಂಡು ಹೋದರು. ಆ ಮಧ್ಯಾಹ್ನ ಒಬ್ಬ ಗ್ರಾಹಕರೂ ಬರಲಿಲ್ಲ. ಸಂಜೆ ಮ್ಯಾನೇಜರು ಮೈಮುರಿದು, "ಏನೇ ಹೇಳಿ, ಆ ಮದ್ದಳೆಯಲ್ಲಿ ಶಕ್ತಿಯಿದೆ. ಇಷ್ಟು ನೆಮ್ಮದಿಯ ದಿನ ನನ್ನ ನೌಕರಿಯಲ್ಲೇ ಕಂಡಿಲ್ಲ," ಎಂದರು.

ಇಳಿಯುವ ನಿಲ್ದಾಣ

ಇದನ್ನೆಲ್ಲ ಫೋನಿನಲ್ಲಿ ಕೇಳಿದ ಗಂಡನಿಗೆ ಕರುಳು ಚುರ್ ಎಂದಿತು. ರೈಲಿನ ಲಯಕ್ಕಿಂತ ಒಳ್ಳೆಯ ಲಯ ಉಂಟೇ ಎಂದು, ಒಂದು ಶನಿವಾರ ನಮ್ಮಲ್ಲಿಗೆ ಬರುವಾಗ ಕಿಟಕಿಯ ಹತ್ತಿರ ಫೋನಿಟ್ಟು ದಾರಿಯುದ್ದಕ್ಕೂ ಸದ್ದು ಹಿಡಿದು ತಂದರು. ಇದಕ್ಕಿಂತ ಒಳ್ಳೆಯ ಉಡುಗೊರೆ ಅವರು ನನಗೆ ಕೊಟ್ಟಿಲ್ಲ. ಒಂದು ರಜೆಯ ದಿನ, ಅವರು ವಾಪಸು ಹೋದ ಮೇಲೆ, ಸೋಫಾ ಮೇಲೆ ಒರಗಿ ಹಚ್ಚಿದೆ. ಗಾಲಿಗಳು ತಾಳ ಹಾಕುತ್ತಿದ್ದವು. ಸೇತುವೆ ಬಂದಾಗ ಸದ್ದು ಟೊಳ್ಳಾಗಿ, ದಾಟಿದಾಗ ಮತ್ತೆ ತುಂಬಿಕೊಳ್ಳುತ್ತಿತ್ತು. ಒಮ್ಮೆ ಅವರು ಕೆಮ್ಮಿದ್ದೂ ಕೇಳಿಸಿತು. ತೆಂಗು, ಹಿನ್ನೀರು, ಬಟ್ಟೆ ಒಣಹಾಕಿದ ಹಿತ್ತಿಲುಗಳು ಮುಚ್ಚಿದ ಕಣ್ಣೊಳಗೆ ಹಾದುಹೋದವು. "ಚಾಯ, ಚಾಯ" ಎನ್ನುವವನು ಬಂದಾಗ ಬೇಡವೆಂದು ಕೈಯಾಡಿಸಿದ್ದು ನನಗೆ ಮಸುಕಾಗಿ ನೆನಪಿದೆ.

ಆಮೇಲೆ ಬ್ರೇಕು ಕಿರ್ರೆಂದಿತು. ಎಚ್ಚರವಾದಾಗ ನಾನು ಹೆಗಲಿಗೆ ಚೀಲ ಹಾಕಿಕೊಂಡು, ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು, ಫ್ಲಾಟಿನ ಬಾಗಿಲು ತೆರೆದು ನಿಂತಿದ್ದೆ. ಮೂರು ವರ್ಷದ ಅಭ್ಯಾಸ, ರೈಲು ನಿಧಾನವಾದರೆ ಕಾಲುಗಳು ತಾವೇ ಏಳುತ್ತವೆ. ಲಿಫ್ಟಿನಿಂದ ಬಂದ ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸ್ಟೇಷನ್ ಬಂತು," ಎಂದೆ ನಾನು.

ಕನ್ನಡದಲ್ಲಿ ಒಂದು ಪದಕ್ಕಿಂತ ಹೆಚ್ಚು ಉತ್ತರ ಕೊಡದ ಹುಡುಗಿ ಅಂದು ಇಡೀ ವಾಕ್ಯ ಕೊಟ್ಟಳು. "ಟಿಕೆಟ್ ತಗೊಂಡಿದ್ದೀಯಾ ಅಮ್ಮ?"

ಉರಕ್ಕೆ

ಭೇಟಿಯ ದಿನ ಬಂದೇಬಿಟ್ಟಿತು. ಬೆಳಗಿನ ರೈಲಿಗೆ ತಿರುವನಂತಪುರಕ್ಕೆ ಹೋದೆ. ಅಧಿಕಾರಿ ಮೂರು ಗಂಟೆಗೆ ಬರಲು ಹೇಳಿದ್ದರು. ಈ ಸಲವೂ ಕುರ್ಚಿಯಲ್ಲಿ ತೂಕಡಿಸಿದರೆ ವರ್ಗಾವಣೆಯ ಆಸೆ ಬಿಟ್ಟಂತೆಯೇ. ನನ್ನ ಕಣ್ಣು ನೋಡಿ ಗಂಡ, "ಅಲ್ಲೀತನಕ ಒಂದ್ ತಾಸರ ಮಲಗು," ಎಂದು ತುಂಬದಲ್ಲಿ ತಮಗೆ ಪರಿಚಯದ ಒಬ್ಬ ಚೇಟ್ಟನ, ಅಂದರೆ ಅಣ್ಣನ, ಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಆಫೀಸಿಗೆ ಹೋದರು. ಆ ಚೇಟ್ಟ ಮೊದಲು ಉತ್ಸವಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದವರು. ಈಗ ಅವೇ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯೊಳಗಿಟ್ಟು, ಮನಸ್ಸು ದಣಿದವರನ್ನು ಚಾಪೆಯ ಮೇಲೆ ಮಲಗಿಸಿ ನಾದ ಕೇಳಿಸುತ್ತಾರೆ.

ಮನೆ ಸಮುದ್ರಕ್ಕೆ ಹತ್ತಿರ. ಪರದೆ ಗಾಳಿಗೆ ಉಬ್ಬಿ, ನಿಧಾನವಾಗಿ ಇಳಿಯುತ್ತಿತ್ತು. ಪೆಟ್ಟಿಗೆಗಳಿಂದ ನೆಲದಡಿಯಲ್ಲಿ ಯಾರೋ ಹತ್ತಿ ಬಡಿಯುತ್ತಿದ್ದಾರೇನೋ ಎಂಬಂಥ ಮೆತ್ತನೆ ಲಯ ಬರುತ್ತಿತ್ತು. ನಾನು ಆಗಲೇ ಅರ್ಧ ಕರಗಿದ್ದೆ. ಚೇಟ್ಟ ಬಗ್ಗಿ, ನಿಮಗೆ ಹೇಗೆ ಬೇಕು ಎಂದು ಕೇಳಿದರು. ಮಲಯಾಳದಲ್ಲೇ ಹೇಳೋಣ ಎಂದುಕೊಂಡೆ. ನಿದ್ದೆಗೆ ಮಲಯಾಳದಲ್ಲಿ ಉರಕ್ಕಂ. ನಮ್ಮಲ್ಲಿ ಮರ, ಮರಕ್ಕೆ. ಸುಖ, ಸುಖಕ್ಕೆ. ಹಾಗಾದರೆ ಉರಕ್ಕಂ, ಉರಕ್ಕೆ. ವ್ಯಾಕರಣ ಇಷ್ಟು ಸಲೀಸಾಗಿ ಕೂತಾಗ ಅನುಮಾನವೇಕೆ?

"ಉರಕ್ಕೆ, ಚೇಟ್ಟಾ," ಎಂದೆ. "ಉರಕ್ಕೆ ವೇಣಂ."

ವೇಣಂ ಎಂದರೆ ಬೇಕು ಎಂದು ಗೊತ್ತಿತ್ತು. ಮಲಯಾಳದಲ್ಲಿ ಉರಕ್ಕೆ ಎಂದರೆ ಜೋರಾಗಿ ಎಂದು ನನಗೆ ಗೊತ್ತಿರಲಿಲ್ಲ.

"ಉರಕ್ಕೆಯೋ?" ಎಂದ ಚೇಟ್ಟನ ಮುಖ ಬೆಳಗಿತು. ಮೈಕ್‌ಸೆಟ್ ಬಿಟ್ಟಾಗಿನಿಂದ ಬಂದವರೆಲ್ಲ ಮೆಲ್ಲಗೆ, ಮೆಲ್ಲಗೆ ಎಂದೇ ಹೇಳಿ ಅವರ ಜೀವ ಬಾಡಿಹೋಗಿತ್ತು. ಗುಂಡಿ ತಿರುಗಿಸಿದರು. ಧಂ ಎಂದಿತು. ನಾನು ಬೆಚ್ಚಿ ಎದ್ದು ಕೂತು, "ಅಯ್ಯೋ, ಉರಕ್ಕೆ ಚೇಟ್ಟಾ," ಎಂದೆ. ಅವರು ಇನ್ನಷ್ಟು ತಿರುಗಿಸಿದರು. ನಾನು ಕೈಮುಗಿದು, "ಉರಕ್ಕೆ, ಉರಕ್ಕೆ," ಎಂದು ಬೇಡಿಕೊಂಡೆ. ಅವರು ಕಣ್ಣೊರೆಸಿಕೊಂಡು ಮಂಚದಡಿಯಿಂದ ಇನ್ನೊಂದು ಪೆಟ್ಟಿಗೆ ಎಳೆದು ಜೋಡಿಸಿದರು. ಗಂಡ ಕರೆದುಕೊಂಡು ಹೋಗಲು ಬಂದಾಗ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ, ಯಾವ ಉತ್ಸವ ಎಂದು ಅಂಗಳದಲ್ಲಿ ವಿಚಾರಿಸುತ್ತಿದ್ದರು.

ನಿದ್ದೆಯಂತೂ ನನ್ನ ಹತ್ತಿರ ಸುಳಿಯಲಿಲ್ಲ. ಅಧಿಕಾರಿಯ ಗಾಜಿನ ಕೋಣೆಗೆ ಹೊಕ್ಕಾಗ ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟು ಏನೂ ಕೇಳುತ್ತಿರಲಿಲ್ಲ, ನನ್ನ ದನಿಯೂ ಸೇರಿ. ಇಂಗ್ಲಿಷಿನಲ್ಲಿ ನನ್ನ ಕಷ್ಟ ಹೇಳತೊಡಗಿದೆ. ಅವರು ಅಂಗೈ ಕೆಳಗೆ ಮಾಡಿ ತೋರಿಸಿದರು. ಕೂರಲು ಹೇಳಿದರೆಂದು ಕೂತೆ. ಮತ್ತೆ ತೋರಿಸಿದರು. ನಾನು ಕುರ್ಚಿಯಲ್ಲಿ ಇನ್ನಷ್ಟು ತಗ್ಗಿದೆ. ಕೊನೆಗೆ ಅವರು ಮೇಜಿನ ಮೇಲೆ ಬಾಗಿ, ನನ್ನ ಕಿವಿಯ ಹತ್ತಿರವೇ ಹೇಳಿದರು. "ಮೇಡಂ, ಉರಕ್ಕೆ ಪರಯಂಡ."

ಪರಯಂಡ ಎಂದರೆ ಹೇಳಬೇಡಿ. ಅದು ನನಗೆ ಗೊತ್ತಿತ್ತು. ಅಂದರೆ, ನಿದ್ದೆಗೆ ಎಂದು ಹೇಳಬೇಡಿ! ನಾನು ಬಂದದ್ದೇ ಅದಕ್ಕಾಗಿರುವಾಗ! ನನಗೆ ದುಃಖವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂತು.

"ನಿದ್ದೆಗೆ ಎನ್ನದೆ ಇನ್ನೇನು ಹೇಳಲಿ ಸರ್?" ಎಂದೆ. "ಮೂರು ವರ್ಷದಿಂದ ಗಂಡ ಪಕ್ಕದಲ್ಲಿಲ್ಲದೆ ನನಗೆ ನಿದ್ದೆಯಿಲ್ಲ. ಅವರ ಜೊತೆ ಮಲಗಲು ಬಿಡಿ ಸರ್. ನಾನು ಬೇರೇನೂ ಕೇಳುತ್ತಿಲ್ಲ."

ಗಾಜಿನಾಚೆ ಎಲ್ಲ ತಲೆಗಳೂ ನಮ್ಮ ಕಡೆ ತಿರುಗಿದವು. ಅಧಿಕಾರಿ ಕಿವಿಯವರೆಗೂ ಕೆಂಪಾಗಿ, ನನ್ನ ಮುಖ ನೋಡದೆ ಅರ್ಜಿ ಎಳೆದುಕೊಂಡು ಸಹಿ ಹಾಕಿದರು. ಆಮೇಲೆ ಒಂದು ಚೀಟಿಯಲ್ಲಿ ಬರೆದು ನನ್ನತ್ತ ತಳ್ಳಿದರು. "ಒಪ್ಪಿಗೆಯಾಗಿದೆ. ದಯವಿಟ್ಟು ಥ್ಯಾಂಕ್ಸ್ ಹೇಳಬೇಡಿ."

ಕೆಳಗಿಳಿದು ಬರುವ ಹೊತ್ತಿಗೆ ಒಂದು ಕಿವಿ ತೆರೆದಿತ್ತು. ಹೊರಬಾಗಿಲಲ್ಲಿ ಗಂಡ ತಲೆ ತಗ್ಗಿಸಿ ನಿಂತಿದ್ದರು. ಕಾವಲುಗಾರ ಅವರ ಎರಡೂ ಕೈ ಹಿಡಿದುಕೊಂಡು, "ಇನಿ ಸುಖಮಾಯಿ ಉರಂಗಾಂ, ಸಾರ್," ಎನ್ನುತ್ತಿದ್ದ. ಇನ್ನು ಸುಖವಾಗಿ ಮಲಗಬಹುದು ಸಾರ್.

ನಾನು ಮಾತಾಡಿದ್ದು ನಾಲ್ಕನೇ ಮಹಡಿಯಲ್ಲಿ.