ಕೊರಿಯರಿನಲ್ಲಿ ಬಂದ ಅಜ್ಜಿ

ಮೊದಲಿಗೆ ನನ್ನ ಕೆಟ್ಟ ಅಕ್ಷರವನ್ನು ಓದುವವರು ಮನ್ನಿಸಬೇಕು. ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೇ ಬರೆಯುತ್ತಿದ್ದೇನೆ, ಆದರೂ ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತಿವೆ. ಮಾತುಗಳೂ ಹಾಗೆಯೇ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. (ಓದು ಬರದೆ ಬಿಟ್ಟದ್ದಲ್ಲ. ಮೇಷ್ಟ್ರು ‘ಎದ್ದು ನಿಂತು ಉತ್ತರ ಹೇಳು’ ಎಂದರೆ ನನಗೆ ಎದ್ದು ನಿಲ್ಲಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ.) ತಪ್ಪುಗಳನ್ನು ನೀವೇ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ನಡೆದ ಹಾಗೆಯೇ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಈಗ ಅದನ್ನು ನಂಬುವವಳು ನಾನೊಬ್ಬಳೇ.

ನನ್ನ ಹೆಸರು ಅಂಬಿಕಾ. ನಮ್ಮೂರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಅಪ್ಪ ಪರಶುರಾಮ್ ಪಂಚಾಯಿತಿಯ ನೀರುಗಂಟಿ. ಊರಿನ ಕೊಳಾಯಿಗಳಿಗೆ ನೀರು ಬಿಡುವ, ನಿಲ್ಲಿಸುವ ಅಧಿಕಾರ ಅವರದು. ಮನೆಯ ಅಧಿಕಾರ ಅವ್ವ ಸುನೀತಾ ಅವರದು. ನಾನು ಒಳಗೆ ಕುಳಿತು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಸೀರೆಗಳು ‘ಮುಂದೆ ಏನ್ ಮಾಡ್ಬೇಕು ಅಂತಿದೀಯ’ ಎಂದು ಕೇಳುವುದಿಲ್ಲ.

ಈ ವರ್ಷ ಮನೆಗೆ ಸುಣ್ಣದ ಬದಲು ಪೇಂಟ್ ಹೊಡೆಸಿದೆವು. ಹೊಡೆಸಿದ ಮೇಲೆ ನಡುಮನೆಯ ಒಂದು ಗೋಡೆ ಬಹಳ ಖಾಲಿ ಕಾಣತೊಡಗಿತು. ಎದುರಿನ ಗೋಡೆಯಲ್ಲಿ ಬುದ್ಧ, ಬಾಬಾಸಾಹೇಬರು, ಮನೆದೇವರು ಉಚ್ಚಂಗೆಮ್ಮ ಮೂವರೂ ಹೊಂದಿಕೊಂಡು ಇದ್ದಾರೆ. ಬೇರೆಯವರ ಮನೆಯಲ್ಲಿ ಇನ್ನೊಂದು ಗೋಡೆಗೆ ತೀರಿಹೋದ ಹಿರಿಯರ ಫೋಟೊ ಇರುತ್ತದೆ. ನಮ್ಮಲ್ಲಿ ಅದಿಲ್ಲ. ಅಜ್ಜ ಉಚ್ಚಂಗೆಪ್ಪನದು ಒಂದು ವೋಟರ್ ಕಾರ್ಡ್ ಮಾತ್ರ ಇದೆ, ಅದರಲ್ಲಿ ಒಂದು ಕಿವಿ ಚೆನ್ನಾಗಿ ಬಂದಿದೆ. ಅದಕ್ಕಿಂತ ಹಿಂದಿನವರು ಕ್ಯಾಮೆರಾದ ಎದುರು ನಿಂತವರೇ ಅಲ್ಲ.

ಜಗಳೂರು ಕಡೆಗೆ ಕೊಟ್ಟಿರುವ ನಮ್ಮ ಸೋದರತ್ತೆ ಉಡಚಮ್ಮ ಮಗಳ ಮದುವೆಯ ಮಾತಿಗೆ ಬರುವವರಿದ್ದರು. ಅಷ್ಟರಲ್ಲಿ ಗೋಡೆಗೆ ಒಂದು ಕಳೆ ಬರಲಿ ಎಂದು ನನ್ನ ಕುಚ್ಚಿನ ದುಡ್ಡಿನಲ್ಲಿ ಫೋನಿನಿಂದ ಒಂದು ಚಿತ್ರ ತರಿಸುವ ಮಹಾಸಂಕಲ್ಪ ಮಾಡಿದೆ.

ಬಹಳ ಎಚ್ಚರಿಕೆಯಿಂದ ಆರಿಸಿದೆ. ಗೋಡೆಯನ್ನು ದಾರದಲ್ಲಿ ಅಳೆದು, ದಾರವನ್ನು ಟೇಪಿನಲ್ಲಿ ಅಳೆದು, ಅನುಮಾನ ಬಂದು ಟೇಪನ್ನು ಸ್ಕೇಲಿನಲ್ಲಿ ಅಳೆದೆ. ಮೊದಲು ಒಂದು ಜಲಪಾತ ತೋರಿಸಿದೆ. ಅಪ್ಪ, “ದಿನಾ ವಾಲ್ವ್ ತಿರುವಿ ತಿರುವಿ ಸಾಕಾಗೈತೆ, ಮನೆಯಾಗೂ ನೀರು ನೋಡ್ಬೇಕೇನೇ? ಅದನ್ನ ನಿಲ್ಸಾಕೂ ಬರಾಕಿಲ್ಲ” ಅಂದರು. ಓಡುವ ಕುದುರೆಗಳನ್ನು ತೋರಿಸಿದೆ. ಅವ್ವ, “ಅವುಕ್ಕೆ ಹುಲ್ಲು ಯಾರು ಹಾಕ್ತಾರೆ?” ಅಂದರು. ಮಾಡರ್ನ್ ಆರ್ಟ್ ತೋರಿಸಿದಾಗ ಇಬ್ಬರೂ ಒಟ್ಟಿಗೆ, “ಪೇಂಟ್ ಹೊಡ್ಯೋನು ಕೈ ಒರ್ಸಿದ್ದ ಬಟ್ಟೆ” ಅಂದರು. (ಇಬ್ಬರೂ ಒಂದೇ ಮಾತು ಆಡಿದ್ದು ಆ ತಿಂಗಳಲ್ಲಿ ಅದೇ ಮೊದಲು.)

ಕೊನೆಗೆ ಸಿಕ್ಕಿದಳು ಒಬ್ಬ ಅಜ್ಜಿ. ಮುಖದ ತುಂಬಾ ಸುಕ್ಕು, ಮೂಗಿನಲ್ಲಿ ದೊಡ್ಡ ನತ್ತು, ಕೊರಳಲ್ಲಿ ಸಾಲು ಸಾಲು ಚಿನ್ನದ ಸರ, ಕೋಲಿನ ಮೇಲೆ ಕೈ, ಸಣ್ಣ ನಗು. ಏನೂ ಕೇಳದೆ ಸುಮ್ಮನೆ ನೋಡುವ ಕಣ್ಣುಗಳು. ನನಗೆ ಅವೇ ಹಿಡಿಸಿದವು.

ಕೊರಿಯರಿನವನು ಫೋನ್ ಮಾಡಿ, “ಮೇಡಂ, ಎಲ್ಲಿ ಬರ್ಬೇಕ್ರಿ?” ಎಂದಾಗ ನಾನು ಫೋನು ಹಿಡಿದುಕೊಂಡೇ ಅಡುಗೆಮನೆಗೆ ಓಡಿದೆ. ಅವ್ವ ಫೋನು ಕಿತ್ತುಕೊಂಡು ದಾರಿ ಹೇಳಿದರು. ಅಪ್ಪ ಮೊಳೆ ಹೊಡೆದರು. ಅಜ್ಜಿ ಗೋಡೆ ಏರಿದರು.

ಸಂಜೆ ಪಕ್ಕದ ಮನೆಯ ಲಕ್ಷ್ಮಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು, ಬಟ್ಟಲು ಹಿಡಿದುಕೊಂಡೇ ನಿಂತರು.

“ಇದ್ಯಾರೇ ಸುನೀತಾ?”

ನಮ್ಮೂರಿನಲ್ಲಿ ಗೋಡೆ ಏರಬೇಕಾದರೆ ಒಂದೋ ದೇವರಾಗಿರಬೇಕು, ಇಲ್ಲವೇ ಊರಿಗೇ ದೊಡ್ಡವರಾಗಿರಬೇಕು, ಅದೂ ಇಲ್ಲದಿದ್ದರೆ ಮನೆಯವರಾಗಿದ್ದು ಸತ್ತಿರಬೇಕು. ಗುರುತಿಲ್ಲದ ಹೆಂಗಸನ್ನು ದುಡ್ಡು ಕೊಟ್ಟು ಕರೆಸಿ ಮೊಳೆಗೆ ಹಾಕಿದ್ದೇವೆ ಎನ್ನಲು ಅವ್ವನಿಗೆ ಬಾಯಿ ಬರಲಿಲ್ಲ.

“ನಮ್ಮೆಜಮಾನ್ರ ಅಜ್ಜಿ ಕಣಕ್ಕ.”

“ಹೌದಾ! ಇಷ್ಟ್ ದಿನ ಎಲ್ಲಿತ್ತೇ ಫೋಟೊ?”

“ಟ್ರಂಕಿನಾಗಿತ್ತು. ಈಗ ದೊಡ್ಡದು ಮಾಡ್ಸಿದ್ವಿ.”

“ಅಲ್ಲಲೇ, ಕೊಳ್ಳಾಗೆ ಎಷ್ಟೊಂದು ಬಂಗಾರ ಐತೆ!”

“ಇತ್ತು ಕಣಕ್ಕ,” ಎಂದು ಅವ್ವ ನಿಟ್ಟುಸಿರು ಬಿಟ್ಟರು. “ಆಗಿನ ಕಾಲದಾಗೆ.”

(ನಿಟ್ಟುಸಿರು ಬೇಕಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.)

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, “ಯಾರ ಅಜ್ಜಿನೇ?” ಎಂದು ಕೇಳಿದರು.

“ನಿಮ್ಮಜ್ಜಿ.”

“ನಮ್ಮಜ್ಜಿನ ನಾನೇ ನೋಡಿಲ್ವಲ್ಲೇ!”

“ನೋಡಿಲ್ಲ ಅಂದ್ಮೇಲೆ ಇವ್ರಲ್ಲ ಅಂತ ಹೆಂಗ್ ಹೇಳ್ತೀರಿ?”

ಅಪ್ಪ ಮುದ್ದೆ ಮುರಿಯುತ್ತಾ ಯೋಚಿಸಿದರು. ಮರುದಿನದಿಂದ ಅವರು ಕೆಲಸಕ್ಕೆ ಹೊರಡುವಾಗ ಕನ್ನಡಿಯಲ್ಲಿ ತಮ್ಮ ಮೂಗು ನೋಡಿಕೊಳ್ಳುವುದು, ಆಮೇಲೆ ಗೋಡೆಯ ಮೂಗು ನೋಡುವುದು ಶುರುವಾಯಿತು. ಅವ್ವ ದಿನಕ್ಕೊಂದು ದಾಸವಾಳ ಮುಡಿಸತೊಡಗಿದರು.

ಅತ್ತೆ ಬಂದದ್ದು ಸೋಮವಾರ. ದಾವಣಗೆರೆಗೆ ಬಂದು ಬಸ್ಸು ಬದಲಿಸಿ ನಮ್ಮೂರಿನಲ್ಲಿ ಇಳಿದಾಗ ಸ್ಟಾಪಿನಲ್ಲಿ ಎದುರಾದವರು ಲಕ್ಷ್ಮಕ್ಕ. ಮುಂದಿನದು ನಿಮಗೇ ತಿಳಿಯುತ್ತದೆ. ಅತ್ತೆ ಒಳಗೆ ಬಂದರು, ಚೀಲ ಇಳಿಸಲಿಲ್ಲ, ನಾನು ಕೊಟ್ಟ ನೀರು ಮುಟ್ಟಲಿಲ್ಲ. ಗೋಡೆಯ ಮುಂದೆ ಹೋಗಿ ನಿಂತರು.

“ಪರಸಾ.”

“ಏನಕ್ಕ?”

“ನನ್ನ ಮದ್ವ್ಯಾಗೆ ಅಪ್ಪ ಒಂದು ಮೂಗುಬೊಟ್ಟು ಕೊಡ್ಸಾಕೂ ಇಲ್ಲ ಅಂದ. ಮೂಗಿನ ತೂತು ಮುಚ್ಕಂಡೀತು ಅಂತ ಬೇವಿನ ಕಡ್ಡಿ ಇಟ್ಕಂಡು ಹಸೆ ಮ್ಯಾಲೆ ಕುಂತಿದ್ದೆ. ಇಲ್ಲಿ ನೋಡಿದ್ರೆ ಅಜ್ಜಿ ಕೊಳ್ಳಾಗೆ ಒಂದು ಅಂಗಡೀನೇ ನೇತಾಡ್ತೈತೆ! ಎಲ್ಲೈತೋ ಅದೆಲ್ಲಾ? ಟ್ರಂಕಿನಾಗೆ ಬರೇ ಫೋಟೊ ಇತ್ತಾ, ಏನಾರ ಜೊತಿಗಿತ್ತಾ?”

ಅಪ್ಪ ಹೆದರಿಬಿಟ್ಟರು. “ಅಕ್ಕ, ಆಣೆ ಮಾಡಿ ಹೇಳ್ತೀನಿ, ಅದು ನಮ್ಮಜ್ಜಿ ಅಲ್ಲ.”

“ನಿನ್ನೆ ತಂಕ ಅಜ್ಜಿ. ಬಂಗಾರದ ಮಾತು ಬಂದ ಕೂಡ್ಲೇ ಅಜ್ಜಿ ಅಲ್ಲ?”

“ಯಕ್ಕಾ, ನಾನೇ ಬಾಯಿ ತಪ್ಪಿ ಅಂದ್ಬಿಟ್ಟೆ,” ಎಂದರು ಅವ್ವ.

“ಬಾಯಿ ತಪ್ಪಿದ್ರೆ ಒಂದು ಮಾತು ಬರ್ತೈತೆ ಸುನೀತಾ. ಟ್ರಂಕು ಸಮೇತ ಅಜ್ಜಿ ಬರಾಕಿಲ್ಲ!”

ಅತ್ತೆ ಚೀಲವನ್ನು ಹೆಗಲಿಗೆ ಏರಿಸಿಕೊಂಡರು.

“ಆಯ್ತು. ಬಂಗಾರ ನೀವೇ ಇಟ್ಕಳ್ರಿ. ಆದ್ರೆ ನನ್ನ ಮಗಳನ್ನ ಹಸೆಗೆ ಕರ್ಕಂಬರಾಕೆ ನೀನು ಬರಬ್ಯಾಡ. ನನ್ನ ಗಂಡನ ಕಡೆ ಯಾರನ್ನಾರ ನಿಲ್ಲಿಸ್ತೀನಿ.”

ಇಲ್ಲಿಯವರೆಗೆ ನನಗೆ ಒಳಗೊಳಗೆ ನಗು ಬರುತ್ತಿತ್ತು. ಈ ಮಾತಿಗೆ ನಿಂತುಹೋಯಿತು. ಮದುವಣಗಿತ್ತಿಯನ್ನು ಹಸೆಗೆ ಕರೆತರುವುದು ಸೋದರಮಾವನ ಹಕ್ಕು. ಅಪ್ಪ ಅದಕ್ಕೆಂದೇ ಬಿಳಿ ಪಂಚೆ, ಬಿಳಿ ಅಂಗಿ ತಂದು, ಮಡಿಕೆ ಕೆಡದಂತೆ ಹಾಸಿಗೆಯ ಕೆಳಗೆ ಇಟ್ಟಿದ್ದರು. ತಾಯಿ ಬೇಗ ತೀರಿಹೋದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಈ ಅತ್ತೆಯೇ. ಅಪ್ಪ ಹೋಗಿ ಗೋಡೆಯ ಬುಡದಲ್ಲಿ ಕುಳಿತುಬಿಟ್ಟರು. ಮೇಲೆ ಅಜ್ಜಿ ನಗುತ್ತಿದ್ದರು.

ಚಿತ್ರ ತರಿಸಿದವಳು ನಾನು. ನಾನೇ ಎದ್ದು ನಿಂತು ಹೇಳಬೇಕಾಗಿತ್ತು. ಎದ್ದು ನಿಂತೆ. “ಅತ್ತೆ, ಇಲ್ಲಿ ನೋಡ್ರಿ,” ಎಂದು ಫೋನು ಹಿಡಿದೆ.

ಅಂಗಡಿಯ ಪುಟ ತೆರೆಯಿತು. ಅದೇ ಅಜ್ಜಿ, ಸಣ್ಣ ಸೈಜು, ದೊಡ್ಡ ಸೈಜು. ಅತ್ತೆ ಬೆರಳಿನಿಂದ ಕೆಳಗೆ ಸರಿಸಿದರು. ಕಾಫಿ ಲೋಟದ ಮೇಲೆ ಅಜ್ಜಿ. ದಿಂಬಿನ ಮೇಲೆ ಅಜ್ಜಿ. ಸಂತೆ ಚೀಲದ ಮೇಲೆ ಅಜ್ಜಿ.

“ಅಯ್ಯಯ್ಯೋ! ನಮ್ಮಜ್ಜಿನ ದಿಂಬಿಗೆ ಹಾಕ್ಯಾರಲ್ಲೇ! ಪರಸಾ, ಬಂಗಾರ ಮಾರಿದ್ದು ಸಾಲ್ದು ಅಂತ ಅಜ್ಜಿನೂ ಮಾರಾಕೆ ಇಟ್ಟೇನೋ?”

“ಇಲ್ಲತ್ತೆ! ಈ ಅಜ್ಜಿ ಯಾರೂ ಅಲ್ಲ!” ನನ್ನ ದನಿ ನನಗೇ ಕೇಳಿಸುವಷ್ಟು ಜೋರಾಗಿತ್ತು. ಪುಟದ ಕೊನೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಿದ್ದವು. ಒಂದೊಂದೇ ಪದ ಕೂಡಿಸಿ ಓದಿದೆ. “ಇದು ಕಂಪ್ಯೂಟರ್ ತಾನೇ ಬರ್ದಿರೋ ಚಿತ್ರ ಅಂತ ಇಲ್ಲಿ ಹಾಕ್ಯಾರೆ. ಇವ್ರು ಹುಟ್ಟೇ ಇಲ್ಲ.”

“ಹುಟ್ಟದೇ ಇರೋರ ಮುಖಕ್ಕೆ ಇಷ್ಟು ಸುಕ್ಕು ಹೆಂಗೇ ಬರ್ತಾವೆ?”

ಆಗ ನೆನಪಾಯಿತು: ಕಂಪ್ಯೂಟರಿಗೆ ಮುಖ ಸರಿಯಾಗಿ ಬರುತ್ತದೆ, ಕೈಬೆರಳು ಬರೆಯುವಾಗ ಎಡವುತ್ತದೆ ಎಂದು ಎಲ್ಲೋ ನೋಡಿದ್ದೆ. ಗೋಡೆಯ ಹತ್ತಿರ ಓಡಿ, ಕೋಲಿನ ಮೇಲಿದ್ದ ಕೈಯನ್ನು ಎಣಿಸಿದೆ. (ದಾರ, ಟೇಪು, ಸ್ಕೇಲು ಎಲ್ಲದರಲ್ಲೂ ಅಳೆದಿದ್ದ ನಾನು ಬೆರಳು ಎಣಿಸಿರಲಿಲ್ಲ.) ಆರು ಇದ್ದವು.

“ನೋಡ್ರತ್ತೆ, ನೀವೇ ಎಣಿಸ್ರಿ! ಆರು ಬೆರಳು! ಮನುಷ್ಯರಿಗೆ ಐದು ಇರ್ತಾವೆ. ಅಂದ್ಮೇಲೆ ಇವ್ರು ಮನುಷ್ಯರೇ ಅಲ್ಲ!”

ಜೀವನದಲ್ಲಿ ಮೊದಲ ಸಲ ಎದ್ದು ನಿಂತು ಪೂರ್ತಿ ಉತ್ತರ ಹೇಳಿದ್ದೆ. ಮೇಷ್ಟ್ರು ಇದ್ದಿದ್ದರೆ ಕುಳಿತುಕೋ, ಭೇಷ್ ಅನ್ನುತ್ತಿದ್ದರು.

ಅತ್ತೆ ಎಣಿಸಿದರು. ಕನ್ನಡಕ ಹುಡುಕಿ ಹಾಕಿಕೊಂಡು ಮತ್ತೆ ಎಣಿಸಿದರು. ಅಪ್ಪ ನೆಲದಿಂದ ಎದ್ದು ಬಂದು ಎಣಿಸಿದರು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು.

“ಸಣ್ಣಪ್ಪ ಚಿಕ್ಕಪ್ಪ!” ಎಂದರು ಅಪ್ಪ.

“ಬಲಗೈ!” ಎಂದರು ಅತ್ತೆ.

ನಾನು ಹುಟ್ಟುವ ಮೊದಲೇ ತೀರಿಹೋದ, ಅಜ್ಜ ಉಚ್ಚಂಗೆಪ್ಪನ ತಮ್ಮ ಸಣ್ಣಪ್ಪನಿಗೆ ಬಲಗೈಯಲ್ಲಿ ಆರು ಬೆರಳು ಇದ್ದವಂತೆ. ನನಗೆ ಅದನ್ನು ಯಾರೂ ಯಾವತ್ತೂ ಹೇಳಿರಲಿಲ್ಲ.

“ಎಲ್ಲಿಂದ ಬಂತೋ ಆರನೇ ಬೆರಳು ಅಂತ ಊರೆಲ್ಲಾ ಆಡ್ಕಂತಿದ್ರು. ಹೆತ್ತವ್ವನ ಕೈಲೇ ಇತ್ತಲ್ಲೋ ಪರಸಾ!” ಅತ್ತೆ ಚೀಲ ಇಳಿಸಿದರು. ನೆಲದ ಮೇಲೆ ಕುಳಿತರು.

ಅಪ್ಪ ಮೆಲ್ಲಗೆ ಗಂಟಲು ಸರಿ ಮಾಡಿಕೊಂಡರು. “ಅಕ್ಕ, ಚಿಕ್ಕಪ್ಪ ಇಸ್ಪೀಟ್ ಆಡ್ತಿದ್ನಲ್ಲ...”

“ಆಡ್ತಿದ್ದ!” ಅತ್ತೆ ತೊಡೆ ತಟ್ಟಿದರು. “ಅವನೇ! ಅವ್ವನ ಕೊಳ್ಳಾಗಿನ ಬಂಗಾರ ಎಲ್ಲಾ ಅವನೇ ಕಳ್ದಿರ್ತಾನೆ! ಆರು ಬೆರಳಿಟ್ಕಂಡು ಆಡಿ, ಐದು ಬೆರಳಿನೋರ ಕೈಲಿ ಸೋತ, ಮುಟ್ಠಾಳ! ನಮ್ಮಪ್ಪ ಪಾಪ, ಎಲ್ಲಿಂದ ತಂದು ನನ್ನ ಮೂಗಿಗೆ ಹಾಕಾನು?”

ಸಣ್ಣಪ್ಪನಿಗೆ ಹೆಂಡತಿ ಮಕ್ಕಳಿರಲಿಲ್ಲ. ಆದ್ದರಿಂದ ಜಗಳ ಮುಂದುವರಿಸಲು ಯಾರೂ ಉಳಿದಿರಲಿಲ್ಲ. ಅತ್ತೆ ನೀರು ಕೇಳಿ ಕುಡಿದರು. ಅಪ್ಪನ ಮುಖಕ್ಕೆ ಬಣ್ಣ ಬಂತು.

“ಅತ್ತೆ, ಆದ್ರೆ ಇದು ಕಂಪ್ಯೂಟರ್...”

“ನೀನು ಸುಮ್ನಿರೇ,” ಎಂದರು ಅವ್ವ. ಮೊಟ್ಟಮೊದಲು ಸುಳ್ಳು ಹೇಳಿದ ಅವ್ವ! “ಎರಡಕ್ಷರ ಓದಿ ಮನೆ ಹಿರೇರನ್ನೇ ಹುಟ್ಟಿಲ್ಲ ಅಂತಾಳೆ.”

“ಫೋನಿನಾಗೆ ಬರ್ದಿರೋದೆಲ್ಲಾ ನಿಜಾನೇನೇ?” ಎಂದು ಅಪ್ಪನೂ ಸೇರಿಕೊಂಡರು.

ಅತ್ತೆ ಎದ್ದು ಚಿತ್ರದ ಕೈಯನ್ನು ಮುಟ್ಟಿದರು. “ನೋಡವ್ವ,” ಎಂದು ಸಣ್ಣ ದನಿಯಲ್ಲಿ ಹೇಳಿದರು, “ನಿನ್ನ ಮೊಮ್ಮಗಳು ಬೇವಿನ ಕಡ್ಡಿ ಇಟ್ಕಂಡು ಹೋದ್ಲು.” ಆಮೇಲೆ ಕಣ್ಣು ಒರೆಸಿಕೊಂಡರು. ಆ ಹೊತ್ತಿಗೆ ಕಂಪ್ಯೂಟರಿನ ಕಡೆಯವಳಾಗಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಊಟವಾದ ಮೇಲೆ ತೀರ್ಮಾನಗಳು ಒಂದೊಂದಾಗಿ ಹೊರಬಿದ್ದವು. ಅಪ್ಪನೇ ಸೋದರಮಾವ. ಮದುವೆ ಮನೆಯಲ್ಲಿ ಮೊದಲ ಎಲೆ ಅಜ್ಜಿಗೆ. ಅದಕ್ಕಾಗಿ ಅಜ್ಜಿ ಈಗಲೇ ಅತ್ತೆಯ ಜೊತೆ ಹೊರಡಬೇಕು. ಅವ್ವ ನನ್ನ ಚಿತ್ರವನ್ನು ನನ್ನದೇ ಹೊಸ ದುಪಟ್ಟಾದಲ್ಲಿ ಸುತ್ತಿಕೊಟ್ಟರು. ಬಸ್ಸಿನಲ್ಲಿ ಅತ್ತೆ ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿಕೊಂಡರು.

ಬಸ್ಸು ಹೊರಡುವಾಗ ಅತ್ತೆ ಕಿಟಕಿಯಿಂದ ಕೂಗಿದರು: “ಅಂಬಿಕಾ! ಆ ಅಂಗಡ್ಯಾಗೆ ನಮ್ಮಪ್ಪಂದೂ ಐತೇನು ನೋಡೇ! ಮದ್ವಿ ಹೊತ್ತಿಗೆ ತರ್ಸು. ಅಜ್ಜಿ ಒಬ್ಳೇ ಕುಂತಿದ್ರೆ ಚೆನ್ನಾಗಿರಾಕಿಲ್ಲ!”

ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಮನೆಯ ತಿರುವಿಗೆ ಬಂದಾಗ, “ಐತೇನೋ ನೋಡವ್ವ,” ಎಂದರು.

ಆಗಿನಿಂದ ಹುಡುಕುತ್ತಿದ್ದೇನೆ. ಅಜ್ಜಂದಿರು ಬೇಕಾದಷ್ಟು ಇದ್ದಾರೆ. ಕೆಲವರು ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡಿದ್ದಾರೆ, ಅವರನ್ನು ನಾನು ನಂಬುವುದಿಲ್ಲ. ಕೆಲವರ ಕಿವಿಯಲ್ಲಿ ಚಿನ್ನದ ಒಂಟಿ ಹೊಳೆಯುತ್ತಿದೆ, ಅವರನ್ನು ತರಿಸಿದರೆ ಏನಾಗುತ್ತದೆಂದು ನನಗೆ ಗೊತ್ತು. ಮೈ ಮೇಲೆ ಗುಲಗಂಜಿಯಷ್ಟೂ ಚಿನ್ನವಿಲ್ಲದ, ಒಂದೊಂದು ಕೈಗೆ ಐದೈದೇ ಬೆರಳಿರುವ ಒಬ್ಬ ಅಜ್ಜನನ್ನು ನಾಳೆ ಬೆಳಿಗ್ಗೆ ಆರ್ಡರ್ ಮಾಡುತ್ತೇನೆ.