ಹೆಜ್ಜೆ ಗುರುತಿನ ಪೆಡಲ್ ಕುರಿತು ಒಂದು ವಿನಯಪೂರ್ವಕ ತಕರಾರು

ಸದಲಗಾ, ತಾ. ಚಿಕ್ಕೋಡಿ
ಶಿವರಾತ್ರಿಯ ಮರುದಿನ, ೧೯೯೪

ವಿನ್ಯಾಸ ವಿಭಾಗದ ಹಿರಿಯರಿಗೆ,
ಸ್ವರಮೇಘ ವಾದ್ಯೋಪಕರಣ ಕಂಪನಿ, ಮುಂಬಯಿ

ಮಾನ್ಯರೇ,

ದೂಧಗಂಗೆಯ ಈ ದಂಡೆಯಿಂದ ತಮಗೂ, ತಮ್ಮ ಮೇಜಿಗೂ, ಆ ಮೇಜಿನ ಕೆಳಗೆ ಬೂಟಿನೊಳಗೆ ಸುಖವಾಗಿರುವ ತಮ್ಮ ಎರಡೂ ಪಾದಗಳಿಗೂ ಅನಂತ ನಮಸ್ಕಾರಗಳು. ಪಾದಗಳನ್ನು ಬೇರೆಯಾಗಿ ನೆನೆದದ್ದಕ್ಕೆ ಕಾರಣವಿದೆ, ಮುಂದೆ ತಿಳಿಯುತ್ತದೆ. ತಮ್ಮ ಗಿಟಾರ್ ಪೆಡಲಿನ ಡಬ್ಬಿಯಲ್ಲಿ ‘ಹೊಸ ವಿನ್ಯಾಸಕ್ಕೆ ತಮ್ಮ ಕಲ್ಪನೆಗಳಿದ್ದರೆ ದಯವಿಟ್ಟು ತಿಳಿಸಿರಿ’ ಎಂಬ ಚೀಟಿಯಿತ್ತು. ಇಂಥ ಚೀಟಿ ಇಡುವವರಿಗೆ ಯಾರೂ ಉತ್ತರ ಬರೆಯುವುದಿಲ್ಲವೆಂಬ ಧೈರ್ಯ ಇರುತ್ತದೆಂದು ಬಲ್ಲೆ, ಆದರೆ ನಮ್ಮೂರಲ್ಲಿ ಕೇಳಿದವರಿಗೆ ಉತ್ತರ ಕೊಡದೆ ಕಳಿಸುವ ರೂಢಿಯಿಲ್ಲ.

ನಾನು ಭರಮು, ಇಲ್ಲಿಯ ದೂಧಗಂಗಾ ಮೆಲೋಡಿ ಪಾರ್ಟಿಯಲ್ಲಿ ಗಿಟಾರ್ ಬಾರಿಸುವವನು. ನಿಪ್ಪಾಣಿಯಿಂದ ಅಥಣಿಯವರೆಗೆ ಎಲ್ಲಿ ಮದುವೆಯಿದ್ದರೂ ಅಕ್ಷತೆ ಬಿದ್ದಾಗಿನಿಂದ ಕಡೆಯ ಪಂಕ್ತಿ ಏಳುವತನಕ ಕನ್ನಡ, ಮರಾಠಿ, ಹಿಂದಿ ಹಾಡುಗಳೆಲ್ಲ ನಮ್ಮವೇ. ಪಾರ್ಟಿಯ ಮಾಲಕರಾದ ರಾವಸಾಹೇಬ ಮಾಮಾ ಹೋದ ದಸರೆಗೆ ಮೊದಲು ನನ್ನನ್ನು ಕರೆದು, “ಈ ಸೀಜನ್‌ದಾಗ ನಿನ್ನ ಗಿಟಾರಿಗೆ ಮಂದಿ ವಾಹ್ ವಾಹ್ ಅನಬೇಕ ನೋಡಪಾ. ಇಲ್ಲಂದ್ರ ಕೀಬೋರ್ಡ್ ತರತೇನಿ, ನೀ ಮನಿ ಹಿಡಿ” ಎಂದು ಪ್ರೀತಿಯಿಂದಲೇ ಹೇಳಿದರು. ನನಗೆ ನಾಲ್ಕು ದಿನ ಊಟ ಸೇರಲಿಲ್ಲ. ಗಿಟಾರ್ ಬಿಟ್ಟರೆ ಮನೆಯಲ್ಲಿರುವುದು ಒಂದು ಎಮ್ಮೆ, ಅದೂ ಅವ್ವನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುವುದಿಲ್ಲ. ಅಂಥ ಹೊತ್ತಿನಲ್ಲಿ ತಮ್ಮ ಸಾಮಾನುಗಳ ಬೆಲೆಪಟ್ಟಿ ಕೈಗೆ ಸಿಕ್ಕಿತು. ಅದರಲ್ಲಿ ‘ಈ ಪೆಡಲ್ ಒತ್ತಿದರೆ ವಾ-ವಾ ಬರುತ್ತದೆ’ ಎಂದು ಬರೆದಿತ್ತು. ನನ್ನ ಕಣ್ಣು ತುಂಬಿ ಬಂತು. ಮಂದಿ ಅನ್ನದಿದ್ದರೆ ಯಂತ್ರವಾದರೂ ವಾಹ್ ವಾಹ್ ಅನ್ನುತ್ತದೆ, ಒಬ್ಬರು ಶುರು ಮಾಡಿದರೆ ಉಳಿದವರು ತಾವಾಗಿಯೇ ಕೂಡಿಕೊಳ್ಳುತ್ತಾರೆ ಎಂದು ನಂಬಿ ಅಂದೇ ತರಿಸಿದೆ.

ಪಾರ್ಸಲ್ ಬಂದದ್ದು ಖಂಡೇನವಮಿಯ ಹಿಂದಿನ ದಿನ. ಕಾಲು ಎಲ್ಲಿಡಬೇಕೆಂದು ತಿಳಿಯಲು ತಾವು ಪೆಡಲಿನ ಮೇಲೆ ಎಷ್ಟು ಚೆಂದವಾದ ಹೆಜ್ಜೆಯ ಗುರುತು ಮೂಡಿಸಿದ್ದೀರೆಂದರೆ, ನಮ್ಮವ್ವ ತಾರವ್ವ ಅದನ್ನು ನರಸೋಬಾವಾಡಿಯಿಂದ ಬಂದ ದತ್ತನ ಪಾದವೆಂದೇ ತಿಳಿದಳು. “ಇನ್ನೊಂದ ಪಾದ ಎಲ್ಲೈತೋ?” ಎಂದು ಕೇಳಿದ್ದಕ್ಕೆ ನಾನು ಇದು ಬಾರಿಸುವ ಸಾಮಾನು ಎಂದೆ. ಹಾಗಾದರೆ ಇನ್ನೂ ಒಳ್ಳೆಯದು, ಸರಸ್ವತಿ ಎಂದಳು. ಮರುದಿನ ಕುಡಗೋಲು, ಕೊಡಲಿ, ಸೈಕಲ್ ಪಂಪುಗಳ ಸಾಲಿನಲ್ಲಿ ಅದನ್ನೂ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡಿದಳು. ಪೂಜೆ ಆದ ವಸ್ತುವನ್ನು ಕಾಲಿನಿಂದ ತುಳಿಯುವುದು ಹೇಗೆಂದು ಕೇಳಿದಾಗ ಅವಳೇ ದಾರಿ ತೋರಿಸಿದಳು: “ತುಳಿಯೂದಿದ್ರ ತುಳಿ, ಖರೆ ಪ್ರತಿ ಸರತಿ ಮುಟ್ಟಿ ನಮಸ್ಕಾರ ಮಾಡು.”

ಹೀಗೆ ಪಾಲಬಾವಿಯ ಮದುವೆಯಲ್ಲಿ ತಮ್ಮ ಯಂತ್ರದ ಮೊದಲ ಪ್ರಯೋಗವಾಯಿತು. ತುಳಿದೆ, ಬಗ್ಗಿದೆ, ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಎದ್ದೆ, ಮತ್ತೆ ತುಳಿದೆ. ಕಾಲು ಪೆಡಲಿನ ಮೇಲಿದ್ದಾಗ ಕೈ ಕಣ್ಣಿನ ಮೇಲೆ, ಕೈ ತಂತಿಗೆ ಬರುವಷ್ಟರಲ್ಲಿ ಹಾಡು ಮುಂದಿನ ಊರಿಗೆ. ಮುಂದಿನ ಸಾಲಿನ ಬೀಗರು ನನ್ನ ವಿನಯಕ್ಕೆ ಮನಸೋತು ಎದ್ದು ನಿಂತು ಪ್ರತಿನಮಸ್ಕಾರ ಮಾಡತೊಡಗಿದರು. ನಮಸ್ಕಾರಗಳ ಸಂದಿಯಲ್ಲಿ ತಪ್ಪಿ ಹೊರಬಿದ್ದ ದನಿಯಾದರೂ ವಾಹ್ ವಾಹ್ ಎನ್ನಲಿಲ್ಲ, ‘ವ್ಯಾಂ’ ಎಂದಿತು. ಎರಡು ದಿನದಿಂದ ಕರು ಕಳೆದುಕೊಂಡಿದ್ದ ಜಕ್ಕಪ್ಪ ಎಂಬ ದನಗಾಹಿ ಅದನ್ನು ಕೇಳಿ ನೇರ ವೇದಿಕೆ ಹತ್ತಿ, ಸ್ಪೀಕರಿನ ಹಿಂದೆ ಹಣಿಕಿ ಹಾಕಿ, “ಎಲ್ಲಿ ಕಟ್ಟೀರಿ? ಮೊದಲ ಬಿಡ್ರಿ, ಹಸದೈತಿ ಪಾಪ” ಎಂದ. ಆ ಮದುವೆಯಲ್ಲಿ ನನ್ನ ವಾದನವನ್ನು ಮನಸ್ಸಿಟ್ಟು ಕೇಳಿದವನು ಅವನೊಬ್ಬನೇ, ಅವನಿಗೆ ಋಣಿಯಾಗಿದ್ದೇನೆ.

ಆದ್ದರಿಂದ ಮಾನ್ಯರೇ, ಪಾದಸ್ಪರ್ಶವಿಲ್ಲದ ಪೆಡಲ್ ಒಂದನ್ನು ತಾವು ಕೃಪೆ ಮಾಡಿ ರಚಿಸಬೇಕು. ಮೊಣಕೈಯಿಂದ ಒತ್ತುವಂಥದ್ದಾದರೆ ಉತ್ತಮ, ಗದ್ದದಿಂದಾದರೂ ನಡೆದೀತು. ನಿಪ್ಪಾಣಿ ಕಡೆಯ ಗಂಡಸರು ಬೆಳಗಿನಿಂದ ಸಂಜೆಯವರೆಗೆ ತಂಬಾಕು ಅಗಿಯುವ ದವಡೆಯ ಶಕ್ತಿ ವ್ಯರ್ಥವಾಗಿ ಹೋಗುತ್ತಿದೆ, ಅದಕ್ಕೊಂದು ತಂತಿ ಜೋಡಿಸಿದರೆ ದೇಶಕ್ಕೂ ಉಪಕಾರ. ಇದಾವುದೂ ಆಗದಿದ್ದರೆ ತುಳಿದ ಕೂಡಲೇ ನನ್ನ ಪರವಾಗಿ ತಾನೇ ಕ್ಷಮೆ ಕೇಳಿಕೊಳ್ಳುವ ಪೆಡಲನ್ನಾದರೂ ಕಳಿಸಿರಿ, ಮರಾಠಿಯಲ್ಲಿ ಕೇಳಿದರೂ ನಡೆಯುತ್ತದೆ, ದೇವರಿಗೆ ಎರಡೂ ಬರುತ್ತವೆ.

ತಾವು ವಿಚಾರ ಮಾಡುವವರೆಗೆ ಕಾಯಲಾಗದೆ ನಾನೊಂದು ತಾತ್ಕಾಲಿಕ ವ್ಯವಸ್ಥೆ ಮಾಡಿದೆ, ಅದೇ ನನ್ನ ಕುತ್ತಿಗೆಗೆ ಬಂತು. ರಾಯಬಾಗದ ಮದುವೆಗೆ ಅವ್ವನನ್ನು ಕರೆದೊಯ್ದು, ನನ್ನ ಪಕ್ಕದಲ್ಲಿ ಕೂರಿಸಿ, ಕೈಯಿಂದ ಪೆಡಲ್ ಒತ್ತಲು ಹೇಳಿದೆ. ಅವಳು ತಲೆಯ ಮೇಲೆ ಸೆರಗು ಹೊದ್ದು, ಎಮ್ಮೆ ಹಿಂಡುವ ಲಯದಲ್ಲಿ ಒತ್ತುತ್ತಾ ಹೋದಳು. ಸುಳ್ಳು ಹೇಳಲಾರೆ, ಅಂಥ ನಾದವನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಮಂಟಪವೆಲ್ಲ ವಾಹ್ ವಾಹ್ ಎಂದಿತು, ಆದರೆ ಎಲ್ಲರೂ ನೋಡುತ್ತಿದ್ದದ್ದು ಅವ್ವನನ್ನು. ನನಗೆ ಹೊಟ್ಟೆಕಿಚ್ಚಾಯಿತು, ಹೆತ್ತವಳ ಮೇಲೆ ಆಗಬಾರದಿತ್ತು, ಆಯಿತು. ಮುಂದಿನ ವಾರವೇ ರಾವಸಾಹೇಬ ಮಾಮಾ ಕೀಬೋರ್ಡ್ ತಂದು, ಅದರ ವಾಯರನ್ನು ಆ ಪೆಡಲಿಗೇ ಸಿಕ್ಕಿಸಿ, “ಗಿಟಾರ್ ಇಲ್ಲದ ನಡೀತೈತಿ, ತಾರಕ್ಕ ಇಲ್ಲದ ನಡಿಯೂದಿಲ್ಲ” ಎಂದುಬಿಟ್ಟರು. ಈಗ ಅವ್ವ ಊರೂರಿಗೆ ಕಾರ್ಯಕ್ರಮಕ್ಕೆ ಹೋಗುತ್ತಾಳೆ, ನಾನು ಮನೆಯಲ್ಲಿ ಎಮ್ಮೆ ಹಿಂಡಲು ಕೂರುತ್ತೇನೆ. ಎಮ್ಮೆ ನನಗೆ ಕಾಲಿನಿಂದಲೇ ಉತ್ತರ ಕೊಡುತ್ತದೆ, ಆಮೇಲೆ ಮುಟ್ಟಿ ನಮಸ್ಕಾರವನ್ನೂ ಮಾಡುವುದಿಲ್ಲ.

ಬೇಸಿಗೆಯ ಮದುವೆಗಳು ಶುರುವಾಗುವ ಮೊದಲು ಮೊಣಕೈ ಪೆಡಲ್ ಬಂದರೆ ನನ್ನ ಜಾಗ ನನಗೆ ಮರಳೀತೆಂಬ ಒಂದೇ ಆಸೆಯಿಂದ ಕಾಯುತ್ತಿರುವ,

ಕಾಲಿದ್ದೂ ಇಲ್ಲದಂತಾದ ತಮ್ಮ ವಿಶ್ವಾಸಿ,
ಭರಮು

ತಾ. ಕ.: ಅಂಚೆಗೆ ಹಾಕುವ ಮೊದಲು ಈ ಪತ್ರವನ್ನು ಅವ್ವನಿಗೆ ಓದಿ ತೋರಿಸಿದೆ. ಕೊನೆಯವರೆಗೂ ಕೇಳಿ, ಅವಳೂ ಒಂದು ಸಲಹೆ ಸೇರಿಸಲು ಹೇಳಿದಳು, ತಾಯಿಯ ಮಾತು ಮೀರಲಾರದೆ ಹಾಗೆಯೇ ಬರೆದಿದ್ದೇನೆ: “ಆ ಪಾದದ ಗುರುತ ಮಾತ್ರ ತಗೀಬ್ಯಾಡ್ರಿ ಅಂತ ಬರಿ. ಅದಿರೂತನಕಾ ನನ್ನ ಮಗಾ ಅದನ್ನ ತುಳಿಯಂಗಿಲ್ಲ.”